ಮೊದಲು ಅಣ್ಣನ ಪರೀಕ್ಷೆ, ಆಮೇಲೆ ನಿಮ್ಮದು

(ಗುರುತು ಸಿಗಬಾರದು ಅಂತ ಹೆಸರು, ವಯಸ್ಸು, ಕೆಲಸ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ.)

ಗಿರಿಜಮ್ಮನಿಗೆ 43 ವರ್ಷ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿರುವ ಮನೆ. ಆರೋಗ್ಯವಾಗಿಯೇ ಇದ್ದರು. ಬಂದು ಕೂತವರೇ ಕೇಳಿದರು: "ಮೇಡಂ, ಕ್ಯಾನ್ಸರ್ ಬರ್ತೈತೋ ಇಲ್ವೋ ಅಂತ ರಕ್ತದಾಗೆ ಗೊತ್ತಾಗ್ತೈತಂತಲ್ಲ, ನಂಗೆ ಮಾಡಿಸಿ."

ಅವರ ಅಣ್ಣನಿಗೆ 46ನೇ ವಯಸ್ಸಿಗೆ ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಸಿಕ್ಕಿ ಆಪರೇಷನ್ ಆಗಿತ್ತು. ಊರಲ್ಲಿ ಹೇಳಿದ್ದು ಅಪೆಂಡಿಕ್ಸ್ ಅಂತ. ಮನೆಯಲ್ಲಿ ಮದುವೆ ವಯಸ್ಸಿನ ಮಗಳಿದ್ದಾಳೆ, ಸುದ್ದಿ ಹೊರಗೆ ಹೋಗಬಾರದು ಅಂತ.

ನಾನು ಹಾಳೆ ತೆಗೆದು ವಂಶವೃಕ್ಷ ಬರೆಯಲು ಶುರು ಮಾಡಿದೆ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು, ತೀರಿಹೋದವರ ಮೇಲೆ ಓರೆ ಗೆರೆ. ಅವರ ತಾಯಿ 52ಕ್ಕೆ ಗರ್ಭಕೋಶದ ಕ್ಯಾನ್ಸರಿನಿಂದ ಹೋಗಿದ್ದರು. ಸೋದರಮಾವನದು ಏನಾಗಿತ್ತು ಅಂತ ಕೇಳಿದರೆ "ಅವರಿಗೆ ಮೂಲವ್ಯಾಧಿ ಇತ್ತು" ಅಂದರು. ಎಷ್ಟು ವರ್ಷಕ್ಕೆ ತೀರಿಕೊಂಡರು? "ನಲವತ್ತು ದಾಟಿರ್ಲಿಲ್ಲ." ಬರೀ ಮೂಲವ್ಯಾಧಿಗೆ ನಲವತ್ತರೊಳಗೆ ಯಾರಾದರೂ ಸಾಯ್ತಾರಾ ಅಂತ ಕೇಳಿದೆ. ಅವರು ಆ ಚೌಕದ ಮೇಲೆ ಬೆರಳಿಟ್ಟುಕೊಂಡು ಸುಮ್ಮನಾದರು. ಆಮೇಲೆ ಹೇಳಿದರು: ವರ್ಷಗಟ್ಟಲೆ ರಕ್ತ ಹೋಗ್ತಿತ್ತು, ನಾಟಿ ಔಷಧ ಮಾಡಿಸ್ತಿದ್ದರು, ಕೊನೆಗೆ ಹೊಟ್ಟೆ ಉಬ್ಬಿಕೊಂಡು ಹೋದರು.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೇ ಇರಬಹುದು, ಹೆಚ್ಚಿನವರಿಗೆ ಅದೇ ಇರುತ್ತದೆ. ಆದರೆ ನೋಡದೆ ಹಾಗಂದುಕೊಳ್ಳಬಾರದು. ನಮ್ಮ ಕಡೆ ಎಷ್ಟೋ ಜನರ ಗಡ್ಡೆ ಈ ಒಂದು ಮಾತಿನ ಹಿಂದೆ ಅಡಗಿ ಬೆಳೆಯುತ್ತದೆ. ಇದು ನನಗೆ ತುಂಬಾ ಸಂಕಟ ಕೊಡುವ ಸಂಗತಿ.

ಒಂದೇ ರಕ್ತಸಂಬಂಧದಲ್ಲಿ ಕರುಳಿನದು, ಗರ್ಭಕೋಶದ್ದು, ಅದೂ ಸಣ್ಣ ವಯಸ್ಸಿಗೆ ಅಂದರೆ ಮೊದಲು ನೆನಪಾಗುವುದು ಲಿಂಚ್ ಸಿಂಡ್ರೋಮ್, ಅಂದರೆ ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ, ವಂಶದಲ್ಲಿ ಹರಿದು ಬರುವ ಜೀನ್ ದೋಷ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರ ಹತ್ತಿರ, ನಮ್ಮ ಮನೆಯವರೆಲ್ಲ ಕ್ಯಾನ್ಸರಿನಿಂದಲೇ ಹೋಗ್ತಾರೆ, ನಾನೂ ಹಾಗೇ ಹೋಗ್ತೀನಿ ಅಂತ ಅಳಲು ತೋಡಿಕೊಂಡಿದ್ದಳು. ಹಾಗೇ ಆಯಿತು, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಿವರವನ್ನು 1913ರಲ್ಲಿ ಪ್ರಕಟಿಸಿದರು. 1966ರಲ್ಲಿ ಹೆನ್ರಿ ಲಿಂಚ್ ಇಂಥವೇ ಇನ್ನೆರಡು ಕುಟುಂಬಗಳ ಬಗ್ಗೆ ಬರೆದರು. ಕಾರಣವಾದ ಜೀನ್‌ಗಳಲ್ಲಿ ಮೊದಲನೆಯದು, ಎಂಎಸ್‌ಎಚ್2, ಸಿಕ್ಕಿದ್ದು 1993ರಲ್ಲಿ. ಆ ಹೆಂಗಸು ಹೇಳಿದ ಮಾತನ್ನೇ ಗಿರಿಜಮ್ಮ ನನ್ನೆದುರು ಹೇಳಿದರು. ಆದರೆ ಇವರಿಗೆ ಮಾಡಬಹುದಾದದ್ದು ಬಹಳ ಇದೆ.

"ಮಂಡಕ್ಕಿ-ಮೆಣಸಿನಕಾಯಿ ಜಾಸ್ತಿ ತಿಂದಿದ್ದಕ್ಕಾ ಮೇಡಂ?" ಅಂತಲೂ ಕೇಳಿದರು. ಅಲ್ಲ. ಜೀವಕೋಶ ಒಡೆದು ಎರಡಾಗುವಾಗ ಡಿಎನ್ಎ ಪೂರ್ತಿ ನಕಲಾಗಬೇಕು. ಆಗ ಆಗುವ ತಪ್ಪುಗಳನ್ನು ತಿದ್ದಿಸುವುದು ಈ ಜೀನ್‌ನ ಕೆಲಸ. ಅಂಗಡಿಯ ಲೆಕ್ಕದ ಪುಸ್ತಕ ನಕಲು ಮಾಡುವಾಗ ತಪ್ಪು ಹುಡುಕಿ ತಿದ್ದುವವರು ಇಬ್ಬರಿದ್ದ ಹಾಗೆ, ಈ ಜೀನ್‌ನ ಪ್ರತಿಗಳೂ ಎರಡು: ತಂದೆಯದೊಂದು, ತಾಯಿಯದೊಂದು. ಲಿಂಚ್ ಇರುವವರಿಗೆ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಇನ್ನೊಂದೂ ಕೆಟ್ಟರೆ ತಪ್ಪುಗಳು ರಾಶಿ ಬೀಳುತ್ತವೆ. ಸಾಮಾನ್ಯವಾಗಿ ಕರುಳಿನ ಸಣ್ಣ ಗಂಟು, ಅಂದರೆ ಪಾಲಿಪ್, ಕ್ಯಾನ್ಸರ್ ಆಗಲು ಹತ್ತು ವರ್ಷವಾದರೂ ಬೇಕು. ಇವರಲ್ಲಿ ಒಂದರಿಂದ ಮೂರು ವರ್ಷ ಸಾಕು. ಕೆಟ್ಟ ಪ್ರತಿ ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡು, ಹೆಣ್ಣು ಅನ್ನುವ ಭೇದವಿಲ್ಲ.

ನಾನು ಅವರ ರಕ್ತ ಕಳಿಸಲಿಲ್ಲ. ಅವರಿಗೆ ಬೇಜಾರಾಯಿತು. ಕಾರಣ ಇಷ್ಟೇ: ಅಣ್ಣನಲ್ಲಿ ಯಾವ ದೋಷ ಇದೆ ಅಂತ ತಿಳಿಯದೆ ತಂಗಿಗೆ ನೆಗೆಟಿವ್ ಬಂದರೆ ಅದನ್ನು ನಂಬುವ ಹಾಗಿಲ್ಲ. ದೋಷ ಇವರಿಗೆ ಬಂದಿಲ್ಲ ಅಂತಲೂ ಇರಬಹುದು, ಮನೆಯ ದೋಷ ಆ ಪರೀಕ್ಷೆಯ ಕಣ್ಣಿಗೇ ಬೀಳಲಿಲ್ಲ ಅಂತಲೂ ಇರಬಹುದು. ಕ್ಯಾನ್ಸರ್ ಆದವರಿಂದಲೇ ಶುರು ಮಾಡಬೇಕು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಅಂತಾರೆ. ಮೊದಲು ಅದರ ಪರೀಕ್ಷೆ, ಆಮೇಲೆ ಅಣ್ಣನ ರಕ್ತ.

ಅಣ್ಣ ಬರಲು ಒಪ್ಪಲಿಲ್ಲ. ಫೋನಿನಲ್ಲಿ ಹೇಳಿದರು: "ನನ್ನಿಂದ ಮಕ್ಕಳಿಗೆ ಬಂತು ಅಂತ ಗೊತ್ತಾಗೋದೇ ಬ್ಯಾಡ ಮೇಡಂ." ಈ ಮಾತಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ. ನಾನು ಕೇಳಿದೆ: ನಿಮ್ಮ ತಾಯಿ ಮೇಲೆ ನಿಮಗೆ ಸಿಟ್ಟಿದೆಯಾ? "ಅಯ್ಯೋ, ಅವ್ವಂದೇನು ತಪ್ಪು" ಅಂದರು. ನಿಮ್ಮ ಮಕ್ಕಳೂ ಅದನ್ನೇ ಹೇಳ್ತಾರೆ, ನೀವು ಬಾಯಿ ಬಿಟ್ಟರೆ ಅವರಿಗೆ ನಿಮಗಿಲ್ಲದ ಅವಕಾಶ ಸಿಗುತ್ತದೆ ಅಂದೆ. ಫಿನ್ಲೆಂಡಿನಲ್ಲಿ ಇಂಥ ಕುಟುಂಬಗಳನ್ನು 15 ವರ್ಷ ಗಮನಿಸಿದ್ದರು. ಮೂರು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ 62% ಕಡಿಮೆಯಾಗಿತ್ತು. ಅದನ್ನೂ ಹೇಳಿದೆ. ಮುಂದಿನ ವಾರ ಆಪರೇಷನ್ನಿನ ಫೈಲು ಹಿಡಿದುಕೊಂಡು ಬಂದರು.

ಬ್ಲಾಕ್‌ನಲ್ಲಿ ಎಂಎಸ್‌ಎಚ್2 ಜೀನ್ ತಯಾರಿಸಬೇಕಾದ ಪ್ರೋಟೀನ್ ಇರಲಿಲ್ಲ. ರಕ್ತದಲ್ಲಿ ಅದೇ ಜೀನ್‌ನ ದೋಷ ಸಿಕ್ಕಿತು. ಗಿರಿಜಮ್ಮನಿಗೂ ಅದೇ ಇತ್ತು.

ಅವರಿಗೆ ಹೇಳಿದ್ದು: ಇದು ಕ್ಯಾನ್ಸರ್ ಅಲ್ಲ, ಅಪಾಯ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೋಸ್ಕೋಪಿ ತಪ್ಪಿಸಬೇಡಿ. ಮುಟ್ಟಿನ ದಿನ ಬಿಟ್ಟು ಬೇರೆ ಹೊತ್ತಿನಲ್ಲಿ ರಕ್ತಸ್ರಾವ ಆದರೆ ತಡ ಮಾಡಬೇಡಿ. ಮಕ್ಕಳಾಗಿವೆ, 40 ದಾಟಿದೆ, ಹಾಗಾಗಿ ಗರ್ಭಕೋಶ, ಅಂಡಾಶಯ ತೆಗೆಸುವ ಬಗ್ಗೆ ಸ್ತ್ರೀರೋಗ ತಜ್ಞರ ಹತ್ತಿರ ಮಾತಾಡಿ. ಆಸ್ಪಿರಿನ್ ಎರಡು ವರ್ಷ ತೆಗೆದುಕೊಂಡವರಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ಕಡಿಮೆಯಾಗಿದ್ದು ಅಧ್ಯಯನದಲ್ಲಿ ಕಂಡಿದೆ, ಆದರೆ ಹೊಟ್ಟೆ ಹುಣ್ಣು, ರಕ್ತಸ್ರಾವದ ಭಯ ಇರುವುದರಿಂದ ಡಾಕ್ಟರ್ ಹೇಳದೆ ನುಂಗಬೇಡಿ. ಅವರಿಗೆ ಹೆದರಿಕೆ ಇದ್ದದ್ದು ಕೊಲೊನೋಸ್ಕೋಪಿಯ ಹಿಂದಿನ ದಿನ ಕುಡಿಯಬೇಕಾದ ಭೇದಿ ಔಷಧದ್ದು. ಸೊಪ್ಪು, ಕಾಳು, ಬೀಜದ ಹಣ್ಣು ಮೊದಲೇ ಬಿಡಿ, ಹಿಂದಿನ ದಿನ ಎಳನೀರು, ಸೋಸಿದ ಗಂಜಿತಿಳಿ ಕುಡಿಯಿರಿ, ಔಷಧವನ್ನು ತಣ್ಣಗೆ ಮಾಡಿಕೊಂಡು ಸ್ವಲ್ಪ ಸ್ವಲ್ಪವೇ ಕುಡಿಯಿರಿ ಅಂದೆ. ಮಾಡಿಸಿಕೊಂಡರು. ಎರಡು ಪಾಲಿಪ್ ಸಿಕ್ಕವು, ಆಗಲೇ ತೆಗೆದರು.

ನಿಜವಾದ ಕಗ್ಗಂಟು ಆಮೇಲೆ ಬಂತು. ಅಣ್ಣನ ಮಗಳನ್ನು ಗಿರಿಜಮ್ಮ ಸೊಸೆ ಮಾಡಿಕೊಳ್ಳಬೇಕು ಅಂತ ಹಿಂದೆಯೇ ಮಾತಾಗಿತ್ತು. ಸಂಬಂಧದಲ್ಲೇ ಕೊಟ್ಟರೆ ಗುಟ್ಟು ಮನೆಯಲ್ಲೇ ಉಳಿಯುತ್ತದೆ ಅಂತ ಈಗ ಇನ್ನೂ ಅವಸರ. ನಾನು ಬಿಡಿಸಿ ಹೇಳಿದೆ. ಹುಡುಗ, ಹುಡುಗಿ ಇಬ್ಬರಿಗೂ ಈ ದೋಷ ಬಂದಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಿಗೆ ಚಿಕ್ಕಂದಿನಲ್ಲೇ ರಕ್ತದ, ಮೆದುಳಿನ, ಕರುಳಿನ ಕ್ಯಾನ್ಸರ್ ಬರಬಹುದು. ಒಬ್ಬರಿಗಾದರೂ ಇಲ್ಲ ಅಂತಾದರೆ ಆ ಭಯ ಇಲ್ಲ. ಮದುವೆ ಬೇಡ ಅನ್ನುವುದು ನನ್ನ ಕೆಲಸ ಅಲ್ಲ. ನಿಶ್ಚಯಕ್ಕೆ ಮೊದಲು ಇಬ್ಬರೂ ತಿಳಿದುಕೊಳ್ಳಲಿ, ಆದರೆ ಪರೀಕ್ಷೆ ಮಾಡಿಸುವುದು ಬಿಡುವುದು ಅವರಿಷ್ಟ, ಹಿರಿಯರು ಎಳೆದು ತರಬೇಡಿ ಅಂದೆ. ತೀರಿಹೋದ ಸೋದರಮಾವನ ಮಕ್ಕಳಿಗೂ ಕೊಡಲಿ ಅಂತ ದೋಷದ ಹೆಸರು, ಮಾಡಿಸಬೇಕಾದ ಪರೀಕ್ಷೆ ಬರೆದು ಅಣ್ಣನ ಕೈಗೆ ಒಂದು ಪತ್ರ ಕೊಟ್ಟೆ. ಅವರ ಒಪ್ಪಿಗೆ ಇಲ್ಲದೆ ನಾನಾಗಿ ಯಾರಿಗೂ ಹೇಳುವುದಿಲ್ಲ.

ಹುಡುಗ ರಕ್ತ ಕೊಟ್ಟಿದ್ದಾನೆ. 21 ವರ್ಷದ ಹುಡುಗಿ ಒಬ್ಬಳೇ ಬಂದು, "ನಂಗೆ ಈಗ ತಿಳಿಯೋದು ಬೇಡ ಮೇಡಂ" ಅಂದಳು. ಸರಿ ಅಂದೆ. ರಕ್ತಪರೀಕ್ಷೆ ಬೇಡ ಅಂದರೂ ಕರುಳು ನೋಡಿಸುವುದನ್ನು ಬಿಡಬೇಡ, ದೋಷ ಇದೆ ಅಂತಲೇ ಲೆಕ್ಕ ಹಿಡಿದು 25 ತುಂಬುವ ಮೊದಲು ಕೊಲೊನೋಸ್ಕೋಪಿ ಶುರು ಮಾಡು, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬಾ ಅಂತ ಹೇಳಿ ಕಳಿಸಿದೆ.