ಮಕ್ಕಳಿಗೆ ಆಫ್ರಿಕಾದ ನೆಲದ ಮಂಗಟ್ಟೆ ಹಕ್ಕಿಯನ್ನು ಹೇಗೆ ಪರಿಚಯಿಸುವುದು?

ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿಗೆ ಹೊರಟಿದ್ದೀರಿ, 6 ವರ್ಷದ ಮಗನಿಗೆ ನೆಲದ ಮಂಗಟ್ಟೆ (ಗ್ರೌಂಡ್ ಹಾರ್ನ್‌ಬಿಲ್) ಹಕ್ಕಿಯ ಬಗ್ಗೆ ಏನು ಹೇಳಲಿ ಅಂತ ಕೇಳಿದ್ದೀರಿ. ನಾನು ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಹೋಗುವ ಮುಂಚೆ ಮಗಳಿಗೆ ಫೋಟೋ ತೋರಿಸಿದೆ. "ಟರ್ಕಿ ಕೋಳಿ" ಅಂದವಳೇ ಎದ್ದು ಹೋದಳು.

ಹಾಗಾಗಿ ಫೋಟೋ ಆಮೇಲೆ, ಮೊದಲು ಕೂಗು ಕೇಳಿಸಿ. ಯೂಟ್ಯೂಬ್‌ನಲ್ಲಿ ಸಿಗುತ್ತದೆ. ರಾತ್ರಿ ದೀಪ ಆರಿಸಿ, ಏನೂ ಹೇಳದೆ ಸುಮ್ನೆ ಹಾಕಿ. "ಊಂ... ಊಂ ಊಂ" ಅಂತ ಹೊಟ್ಟೆಯೊಳಗಿಂದ ಬರುವ ಸದ್ದು. ಬೆಳಗಿನ ಜಾವ ಇದು 3 ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಸಿಂಹ ಅಂತ ಬೆಚ್ಚಿದವರೂ ಇದ್ದಾರೆ. ನಮ್ಮವಳು "ಡೋಲು" ಅಂದಳು. ಹಕ್ಕಿ ಅಂದರೆ ನಂಬಲೇ ಇಲ್ಲ. ಆಗ ಫೋಟೋ ಬೇಕು ಅಂತ ಹಟ ಹಿಡಿದಿದ್ದು ಅವಳೇ.

ದಾಂಡೇಲಿಯಲ್ಲಿ ಮಂಗಟ್ಟೆ ನೋಡಿದ್ದರೆ ಇನ್ನೂ ಸುಲಭ. ಇದು ಅದರ ನೆಂಟ. ಆದರೆ ಹಣ್ಣಿನ ಮರ ಬಿಟ್ಟು, ಹುಲ್ಲಿನಲ್ಲಿ ಹಾವು, ಕಪ್ಪೆ, ಮಿಡತೆ, ಆಮೆ ಹುಡುಕುತ್ತಾ ದಿನವಿಡೀ ನಡೆಯುತ್ತದೆ. ನಮ್ಮ ಮಂಗಟ್ಟೆಯ ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂರುತ್ತದೆ, ಇದು ಬಾಗಿಲು ಹಾಕುವುದಿಲ್ಲ. ಅಪ್ಪನ ಜೊತೆ ಗುಂಪಿನ ಅಣ್ಣಂದಿರೂ ಊಟ ಹೊತ್ತು ತರುತ್ತಾರೆ.

ಅಲ್ಲಿ ಹೋದ ಮೇಲೆ ಮಗನಿಗೆ ಹುಡುಕುವ ಕೆಲಸ ಕೊಡಿ. ಕೆಂಪು ಗಂಟಲಿನಲ್ಲಿ ನೀಲಿ ಮಚ್ಚೆ ಇದ್ದರೆ ಹೆಣ್ಣು, ಪೂರ್ತಿ ಕೆಂಪಾದರೆ ಗಂಡು. ನಮಗೆ ರಸ್ತೆ ಬದಿಯಲ್ಲೇ ನಾಲ್ಕು ಸಿಕ್ಕವು. ಒಂದು ಕಾರಿನ ಹತ್ತಿರವೇ ಬಂತು. ಎಷ್ಟು ಉದ್ದದ ರೆಪ್ಪೆ ಅಂತೀರಿ! ಅವು ಕೂದಲಲ್ಲ, ಪುಕ್ಕವೇ ಹಾಗಾಗಿರುವುದು. ಆಮೇಲೆ ಹಾರಿತು ನೋಡಿ, ಅಷ್ಟು ಹೊತ್ತು ಕಪ್ಪಗಿದ್ದ ರೆಕ್ಕೆಯ ತುದಿಯಲ್ಲಿ ಬೆಳ್ಳಗೆ ಗರಿಗಳು ಬಿಚ್ಚಿಕೊಂಡವು. ಮಗಳು ಕಿರುಚಿದ ರಭಸಕ್ಕೆ ನನ್ನ ಫೋಟೋ ಅಲುಗಾಡಿಹೋಯಿತು.

ಒಂದು ಕಷ್ಟದ ಸಂಗತಿಯೂ ಇದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಬದುಕುವುದು ಒಂದೇ ಮರಿ. ಎರಡನೆಯದು ಕೆಲವು ದಿನ ತಡವಾಗಿ ಹೊರಬರುತ್ತದೆ, ಅದಕ್ಕೆ ಊಟ ಸಿಗದೆ ಸಾಯುತ್ತದೆ. ಮೊದಲ ಮೊಟ್ಟೆ ಕೆಟ್ಟರೆ ಇರಲಿ ಅಂತ ಇಟ್ಟಿದ್ದು ಅದು. ಹಕ್ಕಿಗಳ ಸಂಖ್ಯೆ ಕಡಿಮೆಯಾಗುತ್ತಿರುವುದರಿಂದ ದಕ್ಷಿಣ ಆಫ್ರಿಕಾದಲ್ಲಿ ಆ ಎರಡನೇ ಮರಿಗಳನ್ನು ತಂದು ಸಾಕುವವರಿದ್ದಾರೆ. ನಾನು ಇದನ್ನು ಮುಚ್ಚಿಡಲಿಲ್ಲ. ಮಗಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತಿದ್ದು, "ನಂಗೆ ತಮ್ಮ ಹುಟ್ಟಿದ್ರೆ ಅವನಿಗೂ ಊಟ ಹಾಕ್ತೀಯ ಅಲ್ವಾ?" ಅಂದಳು. ನಿಮ್ಮ ಉತ್ತರ ರೆಡಿ ಇಟ್ಟುಕೊಳ್ಳಿ.