ಬರಿಗಾಲಿನ ಪಾದ್ರಿಗೂ ವಿಜಯಪುರಕ್ಕೂ ಏನು ನಂಟು?

ಮುದ್ದೇಬಿಹಾಳದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಜನವರಿ ಸಂಚಿಕೆಯಲ್ಲಿ ಸಂತ ಜೋಸೆಫ್ ವಾಜ್ ಎಂಬ ವಿದೇಶಿ ಪಾದ್ರಿಗೆ ಎರಡು ಪುಟ ಕೊಟ್ಟಿದ್ದೀರಿ. ಮತಾಂತರಕ್ಕೆಂದೇ ಬಂದವರನ್ನು ಸಂತರೆಂದು ಕೊಂಡಾಡುವುದೇಕೆ? ಜೇಬಿಲ್ಲದ ಅಂಗಿ ತೊಟ್ಟು ಬಾಳಿದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಕಣ್ಣಾರೆ ಕಂಡ ಜಿಲ್ಲೆಗೆ ಹೊರಗಿನ ಸಂತರು ಏಕೆ ಬೇಕು? ನಮಗೂ ಅವರಿಗೂ ಏನು ನಂಟು?"

ಮಾಸ್ತರರಿಗೆ ಶರಣು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 'ವಿದೇಶಿ ಧರ್ಮಪ್ರಚಾರಕ' ಎಂದು ಚಿತ್ರದ ಕೆಳಗೆ ಅಚ್ಚು ಹಾಕಿದವರು ನಾವೇ. ಅದನ್ನು ನಂಬಿ ನೀವು ಬರೆದಿರಿ. ಕ್ಷಮೆ ಇರಲಿ. ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ದಕ್ಷಿಣ ಗೋವಾದ ಬಾಣಾವಲಿಯಲ್ಲಿ, ತಾಯಿಯ ತವರಿನಲ್ಲಿ. ತಂದೆಯ ಊರು ಸಾಂಕವಾಳ. ಮನೆಮಾತು ಕೊಂಕಣಿ. ಇಂದು ಆ ಸಾಂಕವಾಳ ಪಂಚಾಯಿತಿಯಲ್ಲಿರುವ ಜುವಾರಿನಗರಕ್ಕೆ ಹೋದರೆ ನಮ್ಮ ಸೀಮೆಯಿಂದ ದುಡಿಯಲು ಹೋದ ಎಷ್ಟೋ ಕುಟುಂಬಗಳು ಸಿಗುತ್ತವೆ. ವಾಜ್ ಅವರ ಊರಿನಲ್ಲಿ ಈಗ ಕನ್ನಡ ಕೇಳಿಸುತ್ತದೆ.

ನಂಟು ಇನ್ನೂ ಹಳೆಯದು. ಬಾಣಾವಲಿ, ಸಾಂಕವಾಳಗಳೆಲ್ಲ ಸೇರಿದ ಸಾಷ್ಟಿ ಪ್ರಾಂತವು 1543ರಲ್ಲಿ ಪೋರ್ಚುಗೀಸರ ಪಾಲಾಗುವ ಮೊದಲು ನಮ್ಮ ಆದಿಲಶಾಹಿಗೆ ಸೇರಿತ್ತು. ಮುಂದೆ ಮಥೇವುಸ್ ದ ಕಾಸ್ತ್ರೊ ಎಂಬ ಗೋವಾದವರೊಬ್ಬರಿಗೆ ತಮ್ಮ ನಾಡಿನಲ್ಲೇ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಸಿಗದೆ, ರೋಮ್‌ಗೆ ಹೋಗಿ ದೀಕ್ಷೆ ಪಡೆದು, 1637ರಲ್ಲಿ ಬಿಷಪ್ ಆದರು. ಅವರಿಗೆ ವಹಿಸಿದ ಸೀಮೆ ಯಾವುದು ಗೊತ್ತೇ? ರೋಮ್‌ನ ದಾಖಲೆಗಳಲ್ಲಿ ಅದರ ಹೆಸರು 'ಇದಲ್ಕಾನ್'. ಅಂದರೆ ಆದಿಲ್ ಖಾನನ ರಾಜ್ಯ, ನಮ್ಮ ವಿಜಯಪುರ. ಸ್ಥಳೀಯನೆಂಬ ಕಾರಣಕ್ಕೆ ಸ್ವಧರ್ಮೀಯರೇ ದೂರವಿಟ್ಟ ಆ ಬಿಷಪ್ ನೆಲೆಸಿದ್ದು ಆದಿಲಶಾಹಿಯ ನೆಲವಾಗಿದ್ದ ಡಿಚೋಲಿಯಲ್ಲಿ.

ಇನ್ನು ಮತಾಂತರದ ಮಾತು. ಇದನ್ನು ಬಳಸಿಕೊಂಡು ದಾಟಿ ಹೋಗಲು ನನಗೆ ಮನಸ್ಸಿಲ್ಲ. ಗೋವಾದಲ್ಲಿ 1560ರಲ್ಲಿ ಪೋರ್ಚುಗೀಸರ ಧರ್ಮವಿಚಾರಣಾ ನ್ಯಾಯಾಲಯ (ಇನ್‌ಕ್ವಿಸಿಷನ್) ಶುರುವಾಯಿತು. 1567ರಲ್ಲಿ ಸಾಷ್ಟಿಯ ದೇವಾಲಯಗಳನ್ನು ಸಾಲುಸಾಲಾಗಿ ಕೆಡವಲಾಯಿತು. ವಾಜ್ ಅವರ ತಂದೆಯ ಊರಾದ ಸಾಂಕವಾಳದ ಲಕ್ಷ್ಮೀನರಸಿಂಹ ವೇಲಿಂಗಕ್ಕೆ ಹೋದ, ವಿಜಯದುರ್ಗೆ ಕೇರಿಗೆ ಹೋದಳು. ಭಕ್ತರು ದೇವರನ್ನು ಹೊತ್ತು ಹೊಳೆ ದಾಟಿದ ಆ ಫೋಂಡಾ ಸೀಮೆ ಆಗ ಯಾರದು? ವಿಜಯಪುರದ ಸುಲ್ತಾನನದು. ನಮ್ಮ ಭಾಗದಿಂದ ಇಂದಿಗೂ ಜನ ಕಾಯಿ-ಕರ್ಪೂರ ಹಿಡಿದು ಹೋಗುವ ಮಂಗೇಶಿ, ಶಾಂತಾದುರ್ಗೆಯರ ಗುಡಿಗಳು ಹೀಗೆಯೇ ಆದಿಲಶಾಹಿಯ ಆಸರೆಯಲ್ಲಿ ಉಳಿದವು. ಆ ಗಾಯ ನಿಜ, ಅದನ್ನು ಮಾಡಿದವರ ಕೈಯಲ್ಲಿ ಶಿಲುಬೆ ಇದ್ದುದೂ ನಿಜ. ವಾಜ್ ಕೂಡ ಜನರನ್ನು ಕ್ರೈಸ್ತರನ್ನಾಗಿಸುವ ದೀಕ್ಷಾಸ್ನಾನ ಕೊಟ್ಟವರೇ. ಆದರೆ ಅವರು ನಡೆದ ದಾರಿಯಲ್ಲಿ ಅವರ ಹಿಂದೆ ಸೈನ್ಯವಿರಲಿಲ್ಲ, ಅಧಿಕಾರವಿರಲಿಲ್ಲ, ಕಾಲಲ್ಲಿ ಕೆರವೂ ಇರಲಿಲ್ಲ. ನನ್ನ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ.

1676ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷ ಸಾಂಕವಾಳದಲ್ಲಿ ತಾನು ಯೇಸುವಿನ ತಾಯಿ ಮರಿಯಮ್ಮನ ಜೀತದಾಳು ಎಂದು ಬರೆದುಕೊಟ್ಟರು. 1681ರಿಂದ 1684ರವರೆಗೆ ನಮ್ಮದೇ ಕರಾವಳಿಯಲ್ಲಿದ್ದರು. ಕೆಳದಿಯ ರಾಣಿ ಚೆನ್ನಮ್ಮ ಆಳುತ್ತಿದ್ದ ಕಾಲವದು. ಕುಂದಾಪುರ, ಬಸ್ರೂರು, ಗಂಗೊಳ್ಳಿಯ ಕಡೆ ಅವರ ನೆನಪು ಇನ್ನೂ ಹಸಿರಾಗಿದೆ. ಮಂಗಳೂರಿನ ಹತ್ತಿರದ ಮುಡಿಪು ಈಗ ಅವರ ಹೆಸರಿನ ಯಾತ್ರಾಸ್ಥಳ. ಗೋವಾಕ್ಕೆ ಮರಳಿದ ಮೇಲೆ, ಯುರೋಪಿಯನ್ ಧಾರ್ಮಿಕ ಸಂಘಗಳು ಒಳಗೆ ಬಿಟ್ಟುಕೊಳ್ಳದ ಸ್ಥಳೀಯ ಗುರುಗಳು ತಾವೇ ಕಟ್ಟಿಕೊಂಡಿದ್ದ ಒರಟರಿ ಎಂಬ ಸಂಘವನ್ನು ಸೇರಿ, ಅದಕ್ಕೊಂದು ರೂಪ ಕೊಟ್ಟರು.

1686ರಲ್ಲಿ ಅವರು ಗೋವಾ ಬಿಟ್ಟು ದಕ್ಷಿಣಕ್ಕೆ ಹೊರಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಔರಂಗಜೇಬನ ಮುತ್ತಿಗೆಗೆ ನಮ್ಮ ಕೋಟೆ ಮಣಿಯಿತು. ಇಲ್ಲಿ ಒಂದು ರಾಜ್ಯವೇ ಮುಗಿಯುತ್ತಿದ್ದ ಹೊತ್ತಿನಲ್ಲಿ ಈ ಮನುಷ್ಯ ಗುಳೆ ಹೊರಟ ಕೂಲಿಯವನಂತೆ ಉಟ್ಟು ಸಿಂಹಳದ ದಾರಿ ಹಿಡಿದಿದ್ದ. ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು. ಅವರೂ ಕ್ರೈಸ್ತರೇ, ಆದರೆ ಪ್ರೊಟೆಸ್ಟಂಟ್ ಪಂಗಡದವರು. ಕಥೋಲಿಕ ಪಾದ್ರಿಗಳಿಗೆ ಅಲ್ಲಿ ಕಾಲಿಡುವಂತಿರಲಿಲ್ಲ. 1687ರಲ್ಲಿ ಜಾಫ್ನಾ ತಲುಪಿದಾಗ ವಾಜ್ ಅವರಿಗೆ ಆಮಶಂಕೆ, ಮೈಯಲ್ಲಿ ತ್ರಾಣವಿಲ್ಲ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಜಪಸರ ಕಂಡು ಯಾರ ಕಣ್ಣು ಅರಳುತ್ತದೋ ಆ ಮನೆ ತಮ್ಮವರದು ಎಂದು ತಿಳಿಯುವ ಉಪಾಯ. ರಾತ್ರಿ ಬಾಗಿಲು ಮುಚ್ಚಿ ಬಲಿಪೂಜೆ, ಅಂದರೆ ಕಥೋಲಿಕರ ಮಾಸ್ ಪ್ರಾರ್ಥನೆ. 1689ರ ಕ್ರಿಸ್‌ಮಸ್‌ನ ಮುನ್ನಾ ರಾತ್ರಿ ಡಚ್ಚರು ದಾಳಿ ಮಾಡಿ ಜನರನ್ನು ಹಿಡಿದೊಯ್ದರು. ವಾಜ್ ತಪ್ಪಿಸಿಕೊಂಡರು.

ಕೊನೆಗೆ ನೆಲೆ ಸಿಕ್ಕಿದ್ದು ಕ್ಯಾಂಡಿಯ ಬೌದ್ಧ ರಾಜ ಎರಡನೆಯ ವಿಮಲಧರ್ಮಸೂರ್ಯನ ರಾಜ್ಯದಲ್ಲಿ. ಮೊದಲು ಪೋರ್ಚುಗೀಸರ ಗೂಢಚಾರನೆಂದು ಶಂಕಿಸಿ 1692ರಲ್ಲಿ ಸೆರೆಗೆ ಹಾಕಿದರು. 1696ರಲ್ಲಿ ಭೀಕರ ಬರ ಬಂತು. ರಾಜನ ಕೋರಿಕೆಯಂತೆ ವಾಜ್ ಬಯಲಿನಲ್ಲಿ ಶಿಲುಬೆ ನಿಲ್ಲಿಸಿ ಮೊಣಕಾಲೂರಿದರು, ಮಳೆ ಸುರಿಯಿತು ಎನ್ನುತ್ತದೆ ಅವರ ಚರಿತ್ರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಳೆ ಬಾರದಿದ್ದರೆ ತಲೆಯ ಮೇಲೆ ಗುರ್ಜಿ ಹೊತ್ತು ಓಣಿ ಓಣಿ ತಿರುಗುವ ನಾಡಿನವರು ನಾವು. ಆ ರಾಜನ ಆರ್ತತೆಯಂತೂ ನಮಗೆ ಅರ್ಥವಾಗುತ್ತದೆ. ಅಲ್ಲಿಂದ ಮುಂದೆ ವಾಜ್ ಅವರು ಸ್ವತಂತ್ರರಾಗಿ ತಿರುಗಾಡಿದರು.

ಮಳೆಗಿಂತ ನನ್ನ ಮನಸ್ಸು ನಿಲ್ಲುವುದು ಮರುವರ್ಷದ ಸಿಡುಬಿನ ಹತ್ತಿರ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ಜನ ರೋಗಿಗಳನ್ನು ಬಿಟ್ಟು ಓಡಿದರು. ತಪ್ಪೆನ್ನಲಾರೆ. ಪ್ಲೇಗ್ ಬಂದಾಗ ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿ ಜೋಪಡಿ ಹಾಕಿದ ಕತೆಯನ್ನು ನಮ್ಮ ಹಿರಿಯರೂ ಹೇಳುತ್ತಿದ್ದರಲ್ಲ. ವಾಜ್ ಮತ್ತು ಅವರ ಬಂಧುವೂ ಆಗಿದ್ದ ಇನ್ನೊಬ್ಬ ಗುರು ಜೋಸೆಫ್ ಕಾರ್ವಾಲೋ ಆ ರೋಗಿಗಳಿಗೆ ಗುಡಿಸಲು ಕಟ್ಟಿದರು, ಗಂಜಿ ಕುಡಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಬೌದ್ಧನೋ ಕ್ರೈಸ್ತನೋ ಎಂದು ಕೇಳಲಿಲ್ಲ. ಮಾಸ್ತರರೇ, ಸಂತ ಎಂಬ ಮಾತನ್ನು ನಾನು ಬಳಸಿದ್ದು ಈ ಹುಣ್ಣು ತೊಳೆದ ಕೈಗಳಿಗಾಗಿ. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಕೊಟ್ಟ ಪದವಿ ಅದಕ್ಕೆ ಬಹಳ ತಡವಾಗಿ ಬಿದ್ದ ಮೊಹರು.

ಅವರ ಹಿಂದೆ ಗೋವಾದಿಂದ ಹೋದ ಒರಟರಿಯ ಗುರುಗಳು ತಮಿಳು, ಸಿಂಹಳಗಳನ್ನು ಕಲಿತರು. ಜಾಕೊಮೆ ಗೊನ್ಸಾಲ್ವಿಸ್ ಅವರ ಸಿಂಹಳ ಗದ್ಯವನ್ನು ಅಲ್ಲಿನ ಸಾಹಿತ್ಯ ಚರಿತ್ರೆ ಇಂದೂ ನೆನೆಯುತ್ತದೆ.

ಸಿದ್ಧೇಶ್ವರ ಸ್ವಾಮೀಜಿಯವರ ಮಾತೆತ್ತಿದಿರಿ. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು ಬರೆದಿಟ್ಟ ಪತ್ರವನ್ನು 2023ರ ಜನವರಿಯಲ್ಲಿ ಓದಿದಾಗ ನಾವೆಲ್ಲ ಅತ್ತೆವು. ವಾಜ್ ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಅಲ್ಲಿನ ಚರ್ಚಿನಲ್ಲೇ ಮಣ್ಣು ಮಾಡಿದರು. ಆ ಸಮಾಧಿ ಎಲ್ಲಿದೆ ಎಂದು ಇಂದಿಗೂ ಗುರುತು ಸಿಕ್ಕಿಲ್ಲ. ಸ್ವಾಮೀಜಿಯವರನ್ನು ಕಂಡ ಕಣ್ಣುಗಳಿಗೆ ಇಂಥವರ ಗುರುತು ಬೇಗ ಸಿಗುತ್ತದೆ ಎಂದುಕೊಂಡೇ ಆ ಎರಡು ಪುಟ ಕೊಟ್ಟೆ.

ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೊಂದಿಗೆ ಗೋವಾಕ್ಕೆ ಹೋಗುವುದಾಗಿ ನಿಮ್ಮ ಪತ್ರದ ಕೊನೆಯಲ್ಲಿದೆ. ವೇಲಿಂಗದ ಲಕ್ಷ್ಮೀನರಸಿಂಹನ ದರ್ಶನ ಮಾಡಿ. ಅಲ್ಲಿಂದ ಸಾಂಕವಾಳಕ್ಕೂ ಹೋಗಿ, ಮುಂಗೋಡೆಯಷ್ಟೇ ಉಳಿದಿರುವ ಹಳೆಯ ಚರ್ಚಿನ ಎದುರು ಸ್ವಲ್ಪ ಹೊತ್ತು ನಿಲ್ಲಿ. ಬಂದ ಮೇಲೆ ಅನ್ನಿಸಿದ್ದನ್ನು, ನನ್ನ ಮೇಲಿನ ಸಿಟ್ಟು ಉಳಿದಿದ್ದರೆ ಅದನ್ನೂ ಸೇರಿಸಿ, ಬರೆದು ಕಳಿಸಿ. ಜೂನ್ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ತೆಗೆದಿರಿಸಿದ್ದೇನೆ.

— ಸಂಪಾದಕ