ಅಮ್ಮನ ಹಲ್ಲಿನ ಬ್ರಿಡ್ಜ್ ಅಲುಗಾಡುತ್ತಿರುವ ಬಗ್ಗೆ

ರೊಟ್ಟಿ ಅಗಿಯುವಾಗ ಬ್ರಿಡ್ಜ್ (ಹೋದ ಹಲ್ಲಿನ ಜಾಗಕ್ಕೆ ಕೂರಿಸಿದ ಕೃತಕ ಹಲ್ಲಿನ ಸೆಟ್) ಅಲುಗಾಡುತ್ತದೆ, ವಾಸನೆ ಬರುತ್ತದೆ, ಆದರೆ ಅಮ್ಮನಿಗೆ ನೋವಿಲ್ಲ ಅಂದಿದ್ದೀರಿ. ಹೆಚ್ಚಾಗಿ ಒಂದು ಬದಿಯ ಸಿಮೆಂಟ್ ಬಿಟ್ಟಿದೆ. ನಡುವಿನ ಕೃತಕ ಹಲ್ಲಿಗೆ ಬೇರಿಲ್ಲ, ಅಲ್ವಾ? ಅಕ್ಕಪಕ್ಕದ ಹಲ್ಲುಗಳನ್ನು ಸವೆಸಿ ಕೂರಿಸಿದ ಕ್ಯಾಪ್‌ಗಳೇ ಅದನ್ನು ಹಿಡಿದಿರುತ್ತವೆ. ಒಂದು ಸಡಿಲವಾದರೂ ಇನ್ನೊಂದು ಹಿಡಿದುಕೊಳ್ಳುವುದರಿಂದ ಬ್ರಿಡ್ಜ್ ಸಾಮಾನ್ಯವಾಗಿ ತಕ್ಷಣ ಬೀಳುವುದಿಲ್ಲ. ಒಳಗೆ ಎಂಜಲು, ಊಟದ ಚೂರು ಸೇರಿ ಹಲ್ಲು ಹುಳುಕಾಗುತ್ತಾ ಹೋಗುತ್ತದೆ. ರೂಟ್ ಕೆನಾಲ್ ಆದ (ಒಳಗಿನ ನರ ತೆಗೆದ) ಹಲ್ಲಾದರೆ ಹುಳುಕಿನ ನೋವು ಹೆಚ್ಚಾಗಿ ಗೊತ್ತಾಗಲ್ಲ. ನಮ್ಮ ಅಪ್ಪನಿಗೂ ಹೀಗೇ ಆಗಿತ್ತು.

ಕೈ ತೊಳೆದು ಒಂದೊಂದೇ ಕ್ಯಾಪನ್ನು ಮೆಲ್ಲಗೆ ಒತ್ತಿ ನೋಡಿ. ಒಸಡಿನ ಅಂಚಲ್ಲಿ ಎಂಜಲಿನ ಸಣ್ಣ ಗುಳ್ಳೆ ಎದ್ದರೆ ಬಿಟ್ಟಿರುವುದು ಅದೇ ಬದಿ ಇರಬಹುದು. ಗುಳ್ಳೆ ಬರದಿದ್ದರೂ ಎಕ್ಸ್‌ರೇ ಬೇಕೇ ಬೇಕು. ಅಡಿಯ ಹಲ್ಲೇ ಅಲುಗಾಡುತ್ತಿದೆಯೋ ಏನೋ, ಇಲ್ಲಿಂದ ಹೇಳಲಾರೆ.

ಹಲ್ಲಿನ ಡಾಕ್ಟರಿಗೆ ತೋರಿಸುವವರೆಗೆ ಆ ಬದಿಯಲ್ಲಿ ಅಗಿಯುವುದು ಬೇಡ. ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯನ್ನೇ ಬೇಳೆಯಲ್ಲಿ ನೆನೆಸಿ ಕೊಡಿ. ಊಟದ ನಂತರ ಬ್ರಿಡ್ಜ್ ಅಡಿ ಸೂಪರ್ ಫ್ಲಾಸ್ (ತುದಿ ಗಟ್ಟಿಯಿರುವ, ಹಲ್ಲಿನ ಸಂದಿ ಶುಚಿ ಮಾಡುವ ದಾರ) ಆಡಿಸಿ, ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಲಿ. ಕಳಚಿ ಬಂದರೆ ಡಬ್ಬಿಯಲ್ಲಿಟ್ಟು ಒಯ್ಯಿರಿ. ಅಂಗಡಿಯ ಅಂಟು ಮಾತ್ರ ಹಚ್ಚಲೇಬೇಡಿ.

ಸೇಡಂನಿಂದ ಕಲಬುರಗಿಯ ನಿಜಲಿಂಗಪ್ಪ ಡೆಂಟಲ್ ಕಾಲೇಜಿಗೆ ಹೋಗುವುದಾದರೆ ಪ್ರಾಸ್ತೊಡಾಂಟಿಕ್ಸ್ (ಕೃತಕ ಹಲ್ಲು ಕೂರಿಸುವ) ವಿಭಾಗ ಕೇಳಿ. ಸಕ್ಕರೆ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಚೀಟಿ ಜೊತೆಗಿರಲಿ. ಅಡಿಯ ಹಲ್ಲು ಗಟ್ಟಿಯಿದೆಯಾ ಅಂತ ಮೊದಲು ಕೇಳಿ. ಗಟ್ಟಿಯಿದ್ದು ಬ್ರಿಡ್ಜ್ ಸರಿಯಾಗಿ ಕೂತರೆ ಅದನ್ನೇ ಮತ್ತೆ ಅಂಟಿಸಬಹುದು. ಹುಳುಕು ಜಾಸ್ತಿಯಾಗಿದ್ದರೆ ಹೊಸದು. ಹಲ್ಲು ಉಳಿಯದಿದ್ದರೆ ಉದ್ದದ ಬ್ರಿಡ್ಜ್ ಅಥವಾ ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಕೂರಿಸುವ ಕೃತಕ ಬೇರು). ಬಾವು, ಜ್ವರ ಬಂದರೆ ಅವತ್ತೇ ತೋರಿಸಿ.